ಕೊನೆಯ ಒಂದೂವರೆ ಮೈಲಿ

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ವಾಸವಾಗಿರುವ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಕಾಡು-ಗುಡ್ಡ ಹತ್ತುವ ವಾಹನ ಏತಕ್ಕೆ? ನೆರೆಹೊರೆಯವರೆಲ್ಲ ಕೇಳಿದ ಪ್ರಶ್ನೆ ಇದು, ನ್ಯಾಯವಾದದ್ದೇ. 1948ರಲ್ಲಿ ಅಸ್ತಿಭಾರ ಕಂಡ ಈ ಬಡಾವಣೆಯ ರಸ್ತೆಗಳು ನೇರ, ನೆರಳು ಧಾರಾಳ; ಅಂಗಡಿಬೀದಿ ಹತ್ತಿರ, ದೂರದ ಓಡಾಟಕ್ಕೆ ಮೆಟ್ರೋ ಉಂಟು.

ಉತ್ತರವಿದ್ದುದು ಮೂಡಿಗೆರೆಯ ಕಡೆ. ಅಲ್ಲಿ ತೋಟದ ಮನೆಯಲ್ಲಿ ನನ್ನ ಅತ್ತೆಯವರಿದ್ದಾರೆ, ವಯಸ್ಸು ಎಂಬತ್ತೊಂದು. ಹಾಸನ, ಬೇಲೂರುಗಳನ್ನು ಹಾದು ಸುಮಾರು 250 ಕಿಲೋಮೀಟರು ಟಾರು ರಸ್ತೆಯಲ್ಲಿ ಯಾವ ಕಾರಾದರೂ ಹೋದೀತು. ಅದು ಮುಗಿದ ಮೇಲೆ ಒಂದೂವರೆ ಮೈಲಿ ಕೆಮ್ಮಣ್ಣಿನ ಏರು. ಕಳೆದ ವರ್ಷ ಆಷಾಢದಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡಾಗ ಬಾಡಿಗೆಯ ಕಾರು ಆ ಏರಿನ ಬುಡದಲ್ಲಿಯೇ ನಿಂತಿತು. ತೋಟದ ಕೆಲಸದವರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸುರಿಯುವ ಮಳೆಯಲ್ಲಿ ಹೊತ್ತು ಇಳಿಸಿದರು. ದೇವರ ದಯೆ, ಬದುಕಿಕೊಂಡರು. "ಬೆಂಗಳೂರಿಗೆ ಬಂದುಬಿಡಮ್ಮಾ" ಎಂದು ಮಗಳು ಅಂಗಲಾಚಿದರೆ, "ತುಳಸಿಯ ಮುಂದೆ ದೀಪ ಹಚ್ಚುವವರು ಯಾರೇ?" ಎಂದರು.

"ಅಮ್ಮ ಇಳಿದು ಬರುವುದಿಲ್ಲ. ನಾವೇ ಹತ್ತಿಹೋಗುವ ಗಾಡಿ ನೋಡಿ" ಎಂದಳು ನನ್ನಾಕೆ.

ನೋಡತೊಡಗಿದೆವು. ಮೊದಲನೆಯ ಅಂಗಡಿಯಲ್ಲಿ ಕಾಫಿಯ ಉಪಚಾರವಾಯಿತು. ಟೈ ಕಟ್ಟಿದ ತರುಣ ಪರ್ವತದಂತಹ ಒಂದು ವಾಹನವನ್ನು ತೋರಿಸಿ, "ನಾಳೆಯೇ ಕೊಡುತ್ತೇವೆ ಸಾರ್" ಎಂದ. ವಿಚಾರಿಸಿದರೆ, ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹೆಸರಾಂತ ಥಾರ್ ಕೂಡ 2023ರ ಜನವರಿಯಿಂದ ಇಂತಹ ಮಾದರಿಯಲ್ಲಿಯೂ ಬರುತ್ತಿದೆ. ಹೆಸರು ನೋಡಿ ಕೊಂಡರೆ ಸಾಲದು. "ನೋಡಲು ಎರಡೂ ಒಂದೇ ಸಾರ್" ಎಂದ ತರುಣ. "ಕೆಸರಿಗೆ ಕಣ್ಣಿಲ್ಲವಲ್ಲಪ್ಪ" ಎಂದಳು ನನ್ನಾಕೆ.

ನಮಗೆ ಬೇಕಾದುದು ನಾಲ್ಕು ಚಕ್ರಗಳಿಗೂ ಬಲ. ಜೊತೆಗೆ 'ಲೋ ರೇಂಜ್' ಎಂಬ ಇನ್ನೊಂದು ಗೇರು. ಅದು ವೇಗವನ್ನು ಕುಗ್ಗಿಸಿ ಚಕ್ರದ ತಿರುಗುಬಲವನ್ನು ಹೆಚ್ಚಿಸುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿ ಜಾರುವ ಬದಲು ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಮೂರು ಬಾಗಿಲಿನ ಥಾರ್ ಗಟ್ಟಿಗ, ಆದರೆ ಹಿಂದೆ ಕೂರಲು ಮುಂದಿನ ಆಸನವನ್ನು ಮಡಿಸಿ ನುಸುಳಬೇಕು. ಅತ್ತೆಯವರ ಮಂಡಿ ಒಪ್ಪದು. ಗೂರ್ಖಾ ಹತ್ತಲು ಏಣಿಯೇ ಬೇಕೆನಿಸಿತು. 2024ರಲ್ಲಿ ಬಂದ ಥಾರ್ ರಾಕ್ಸ್‌ಗೆ ಬಾಗಿಲುಗಳೇನೋ ಇವೆ, ಅಗಲ 1,870 ಮಿಲಿಮೀಟರು. ನಮ್ಮ ತಂದೆಯವರು ಕಟ್ಟಿಸಿದ ಮನೆಯ ಗೇಟು ಆರೂವರೆ ಅಡಿ. ಕನ್ನಡಿಗಳನ್ನು ಮಡಿಸಿ ದಿನವೂ ಉಸಿರು ಬಿಗಿಹಿಡಿದು ನುಗ್ಗಿಸುವವರು ಯಾರು? ಹಳೆಯ ಜಿಪ್ಸಿಯ ವಂಶದ ಜಿಮ್ನಿ, 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು, 1,645 ಮಿಲಿಮೀಟರು ಅಗಲ. ಪ್ರಯಾಣಿಕರಿಗೆ ನಾಲ್ಕು ಬಾಗಿಲು, ಲೋ ರೇಂಜ್ ಸಹಿತ. ಸಾಮಾನಿಡುವ ಜಾಗ ಮಾತ್ರ ಕಿರಿದು: ಎರಡು ಹಲಸಿನ ಹಣ್ಣು ಇಟ್ಟರೆ ಮುಗಿಯಿತು. ಹಲಸಿಗಿಂತ ಅತ್ತೆ ಮುಖ್ಯವೆಂದು ತೀರ್ಮಾನವಾಯಿತು.

ಆಮೇಲೆ ಬಂದಿತು ಬೆಲೆಯ ಪಟ್ಟಿ. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲಿಯೇ ಭಾರಿ. ಅದಕ್ಕೆ ಚೌಕಾಶಿ ಇಲ್ಲ. ಹತ್ತು ಲಕ್ಷ ಮೀರಿದ ವಾಹನಕ್ಕೆ ಹಿಡಿಯುವ ಶೇಕಡಾ 1ರ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ವಿಮೆಯನ್ನು ಮಾರಾಟಗಾರನಿಂದಲೇ ಕೊಳ್ಳಬೇಕೆಂಬ ಕಾನೂನಿಲ್ಲ. ನನ್ನಾಕೆ ಹೊರಗಿನ ದರವನ್ನು ಬರೆದು ತಂದು ಮೇಜಿನ ಮೇಲಿಟ್ಟಳು. ಅಂಗಡಿಯ ದರ ತಾನಾಗಿ ಇಳಿಯಿತು. ಬೇಡದ ಅಲಂಕಾರದ ಸಾಮಾನುಗಳಿಗೂ 'ನಿರ್ವಹಣಾ ವೆಚ್ಚ'ಕ್ಕೂ ಗೀಟು ಬಿದ್ದಿತು. ಗಾಡಿ ತಯಾರಾದ ತಿಂಗಳನ್ನು ಕೇಳಿ ಬರೆಸಿಕೊಂಡ ಮೇಲೆಯೇ ಹಣ ಕಟ್ಟಿದೆವು.

ಈ ಸಲದ ಮುಂಗಾರಿನಲ್ಲಿ ಆ ಏರನ್ನು ಎತ್ತಿನ ಗಾಡಿಯ ನಡಿಗೆಯಲ್ಲಿ, ಒಮ್ಮೆಯೂ ನಿಲ್ಲದೆ ಹತ್ತಿದೆವು. ಮರುದಿನ ಅತ್ತೆಯವರು ತಾವೇ ಬಾಗಿಲು ತೆರೆದು ಕುಳಿತು, ಹಾಸನದ ವೈದ್ಯರಿಗೆ ಹೃದಯ ತೋರಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು.