ನವರಾತ್ರಿಯ ರಜೆಯಲ್ಲಿ ಒಂದು ದಿನದ ಮೈಸೂರು

ನವರಾತ್ರಿಯಲ್ಲಿ ಮೈಸೂರಿಗೆ ಬರುವವರಲ್ಲಿ ಬಹುಮಂದಿ ಅರಮನೆಯ ದೀಪಾಲಂಕಾರವನ್ನೂ ಜಂಬೂ ಸವಾರಿಯನ್ನೂ ನೋಡಿ, ಚಾಮುಂಡಿ ಬೆಟ್ಟವನ್ನು ಹತ್ತಿ ಇಳಿದು, ಊರಿಗೆ ಹಿಂದಿರುಗಿಬಿಡುವರು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಸಂಸಾರಸಮೇತರಾಗಿ ಬಂದ ಗೃಹಸ್ಥರು ಆಯುಧಪೂಜೆಗೆ ಮುಂಚಿನ ಒಂದು ದಿನವನ್ನು ಪೇಟೆ, ಚಿತ್ರಶಾಲೆ, ನಾಟಕ ಇವುಗಳಿಗೆ ಮೀಸಲಿಡಬೇಕೆಂದು ನಾವು ಸೂಚಿಸುವೆವು. ಕಳೆದ ದಸರೆಯಲ್ಲಿ ನಮ್ಮ ಮನೆಯವರನ್ನೂ ಹನ್ನೊಂದು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ನಾವು ಹೀಗೆಯೇ ಮಾಡಿದೆವು.

ದೇವರಾಜ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗತಕ್ಕದ್ದು. ಹೊತ್ತು ಏರಿದರೆ ಹೂವು ಬಾಡುವುದು, ಜನ ಹೆಚ್ಚುವುದು. ಸೇವಂತಿಗೆ, ಚೆಂಡುಹೂವುಗಳ ರಾಶಿ, ಬೂದುಗುಂಬಳದ ಗುಡ್ಡೆ, ಗೋಪುರದಂತೆ ಒಟ್ಟಿದ ಬಣ್ಣಬಣ್ಣದ ಕುಂಕುಮ, ಒಂದು ಸಾಲಿಗೆಲ್ಲ ಬಾಳೆಹಣ್ಣು. ರೋಗದಿಂದ ತೋಟಗಳು ನಶಿಸಿ ನಂಜನಗೂಡಿನ ರಸಬಾಳೆ ಅಪರೂಪವಾಗಿರುವುದರಿಂದ ಕಂಡಲ್ಲಿ ಕೊಳ್ಳುವುದು ಮೇಲು. ಮಲ್ಲಿಗೆಯನ್ನು ಇಲ್ಲಿ ಮೊಳದಲ್ಲಿಯೂ ಮಾರಿನಲ್ಲಿಯೂ ಅಳೆದು ಕೊಡುವರು. ನಮ್ಮ ಮನೆಯವರು ನೀಳವಾದ ತೋಳುಳ್ಳ ಮಾರಾಟಗಾರ್ತಿಯನ್ನು ಹುಡುಕಿಯೇ ವ್ಯಾಪಾರಕ್ಕೆ ನಿಲ್ಲುವರು. ಗಣಿತದ ಉಪಾಧ್ಯಾಯರಿಗೂ ಹೊಳೆಯದ ಉಪಾಯವಿದು.

ಶತಮಾನವನ್ನು ದಾಟಿದ ಈ ಕಟ್ಟಡದ ಉತ್ತರದ್ವಾರದ ಭಾಗವು 2016ರ ಆಗಸ್ಟ್ ತಿಂಗಳಿನಲ್ಲಿ ಕುಸಿಯಿತು. ಅದಕ್ಕೆ ಮೊದಲೇ, 2012ರಲ್ಲಿ, ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಮೃತಪಟ್ಟಿದ್ದರು. ಆದುದರಿಂದ ಮಾರುಕಟ್ಟೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷವೂ, ಜೀರ್ಣೋದ್ಧಾರ ಮಾಡಿ ಉಳಿಸಬೇಕೆಂದು ಮತ್ತೊಂದು ಪಕ್ಷವೂ ವಾದಿಸಿ, ವ್ಯಾಜ್ಯವು ನ್ಯಾಯಾಲಯವನ್ನೂ ಹತ್ತಿತು. ಪ್ರಾಣಭಯವನ್ನು ಲಘುವಾಗಿ ಎಣಿಸಲಾಗದು. ಆದರೂ ನಮ್ಮ ಒಲವು ಉಳಿಸುವವರ ಕಡೆಗೇ. ವೀಳ್ಯದೆಲೆಯ ಮುದುಕನೊಬ್ಬನನ್ನು ಕೇಳಿದೆವು. "ಕೆಡವೋದು ಒಂದು ದಿನ ಸ್ವಾಮಿ, ಕಟ್ಟೋವರೆಗೆ ನಾವೆಲ್ಲಿ ಕೂತ್ಕೊಳ್ಳೋಣ?" ಎಂದನು. ಎರಡು ಪಕ್ಷಗಳವರೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯಿದು.

ಚೀಲಗಳನ್ನು ಬಿಡಾರದಲ್ಲಿಟ್ಟು, ಊಟ ಮುಗಿಸಿ, ಜಗನ್ಮೋಹನ ಅರಮನೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, 1861ರಲ್ಲಿ, ಕಟ್ಟಲ್ಪಟ್ಟ ಈ ಸೌಧದಲ್ಲಿ 1915ರಿಂದ ಚಿತ್ರಶಾಲೆಯಿದೆ. 1897ರಲ್ಲಿ ಮರದ ದೊಡ್ಡ ಅರಮನೆಯು ಬೆಂಕಿಗೆ ಆಹುತಿಯಾದಾಗ ರಾಜಕುಟುಂಬಕ್ಕೆ ಇದೇ ಆಶ್ರಯವಾಯಿತು. ರವಿವರ್ಮನ ಪಟಗಳ ಮುಂದೆ ಗುಂಪು ನಿಲ್ಲುವುದು ಸಹಜ. ಆದರೆ ಮೈಸೂರು ಸಂಪ್ರದಾಯದ ಚಿತ್ರಗಳನ್ನು ಯಾರೂ ಅವಸರದಿಂದ ದಾಟಬಾರದು. ಆಭರಣವಿರುವೆಡೆಯಲ್ಲಿ ಬಿಳಿಯ ಪುಡಿ, ರೇವಲ್‌ಚಿನ್ನಿಯ ಹಾಲು, ಅಂಟು ಇವುಗಳನ್ನು ಬೆರೆಸಿ ಸಣ್ಣಗೆ ಉಬ್ಬುಗೆಲಸ ಮಾಡಿ, ಮೇಲೆ ಚಿನ್ನದ ರೇಕನ್ನು ಅಂಟಿಸುವರು. ತಂಜಾವೂರಿನ ಪಟಗಳಲ್ಲಿ ಈ ಉಬ್ಬು ದಪ್ಪ. ಇಲ್ಲಿ ಬೆರಳಿಗೆ ಸಿಕ್ಕೀತೋ ಇಲ್ಲವೋ ಎಂಬಷ್ಟು ತೆಳು.

ದೀಪವನ್ನು ಹಿಡಿದ ಸ್ತ್ರೀಯ ಚಿತ್ರವನ್ನು ಕತ್ತಲೆಯಲ್ಲಿ ನೋಡುವಂತೆ ಏರ್ಪಡಿಸಿರುವರು. ಇದನ್ನು ರವಿವರ್ಮನದೆಂದು ಹಲವರು ನಂಬಿರುವರು; ಅದು ತಪ್ಪು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣ್ಕರ್, ಚಿತ್ರಕ್ಕೆ ನಿಂತವಳು ಅವರ ಮಗಳೇ. ತೈಲವರ್ಣವಲ್ಲ, ಜಲವರ್ಣ. ಜ್ವಾಲೆಗೆ ಮರೆಮಾಡಿದ ಅಂಗೈಯ ಬೆರಳಸಂದಿನಲ್ಲಿ ಬೆಳಕು ಕೆಂಪಾಗಿ ಸೋಸಿಬರುವುದು. "ತಾತ, ಹಿಂದೆ ಬಲ್ಬು ಇಟ್ಟಿದ್ದಾರಾ?" ಎಂದು ಮೊಮ್ಮಗಳು ಪಿಸುಗುಟ್ಟಿದಳು. ನೀರಿನಲ್ಲಿ ಕದಡಿದ ಬಣ್ಣವಲ್ಲದೆ ಬೇರೇನೂ ಇಲ್ಲವೆಂದು ಹೇಳಿದರೆ ಅವಳು ಒಪ್ಪಲೇ ಇಲ್ಲ.

ಚಾಮರಾಜೇಂದ್ರ ಒಡೆಯರವರು ಅರಮನೆಯಲ್ಲಿ ನಾಟಕಮಂಡಲಿಯನ್ನು ಪೋಷಿಸಿದರು; ಅಭಿನವ ಕಾಳಿದಾಸರೆನಿಸಿದ ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. ಇಂದು ಆ ರಾಜಾಶ್ರಯವಿಲ್ಲ. ಸರ್ಕಾರದ ನೆರವು ಇದ್ದರೂ, ಚೀಟಿ ಕೊಂಡು ಬಂದು ಕುಳಿತುಕೊಳ್ಳುವ ಗೃಹಸ್ಥನೇ ನಾಟಕಕ್ಕೆ ನಿಜವಾದ ಆಶ್ರಯದಾತ.

ಸಂಜೆ ಕಲಾಮಂದಿರದ ಆವರಣದಲ್ಲಿರುವ ರಂಗಾಯಣಕ್ಕೆ ಹೋದೆವು. 1989ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಬಿ. ವಿ. ಕಾರಂತರು ಮೊದಲನೆಯ ನಿರ್ದೇಶಕರು. 2010ರಲ್ಲಿ ಇಲ್ಲಿ ಕುವೆಂಪುರವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯೆಲ್ಲ ಆಡಿದರು. ಜನ ಬೆಳಗಾಗುವವರೆಗೆ ಕುಳಿತು ನೋಡಿದರು. ನಾವು ಹೋದ ದಿನ ವನರಂಗದ ಬಯಲಿನಲ್ಲಿ ಹಾಡು ಕುಣಿತಗಳಿಂದ ಕೂಡಿದ ಒಂದು ಜನಪದ ಕಥೆಯಿದ್ದಿತು. ಪರದೆಯಿಲ್ಲ, ಸಿಂಹಾಸನವಿಲ್ಲ. ಒಂದು ಬಿದಿರ ಗಳುವೇ ದೋಣಿಯಾಯಿತು, ಬಳಿಕ ಪಲ್ಲಕ್ಕಿಯಾಯಿತು. ಇದೇನು ದಾರಿದ್ರ್ಯವೆಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಗೊಣಗಿದರು. ಆದರೆ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥವನ್ನು ರಂಗದ ಮೇಲೆ ತರುವರೇ? ಅದರ ವೇಗವನ್ನು ನಟನು ತನ್ನ ಅಂಗಾಂಗಗಳಿಂದಲೇ ತೋರಿಸಬೇಕು. ಈ ಹುಡುಗರು ಮಾಡಿದ್ದೂ ಅದನ್ನೇ. ಮಧ್ಯಾಹ್ನ ಬಲ್ಬನ್ನು ಹುಡುಕಿದ ನಮ್ಮ ಮೊಮ್ಮಗಳು ಗಳುವಿನ ದೋಣಿಯನ್ನು ಮಾತ್ರ ಮರುಮಾತಿಲ್ಲದೆ ನಂಬಿದಳು.

ವನರಂಗಕ್ಕೆ ಹೋಗುವವರು ಅರ್ಧ ಗಂಟೆ ಮುಂಚೆಯೇ ಹೋಗಿ ಸ್ಥಳ ಹಿಡಿಯಬೇಕು. ಒಂದು ಶಾಲು, ಒಂದು ಕೊಡೆ ಜೊತೆಯಲ್ಲಿರಲಿ. ಆಶ್ವಯುಜದ ಮಳೆಗೆ ನಾಟಕದ ಹೊತ್ತು ತಿಳಿಯದು.