ಹಿಂದೆ ನಿಂತು ಆಡುವವನು

ಕಾಲ್ಚೆಂಡಾಟವನ್ನು ನೋಡುವ ಜನರ ಕಣ್ಣು ಯಾವಾಗಲೂ ಚೆಂಡಿನ ಬೆನ್ನು ಹತ್ತಿ ಓಡುವುದು. ಚೆಂಡು ಎದುರಾಳಿಗಳ ಬಲೆಯೊಳಕ್ಕೆ ಬಿದ್ದೊಡನೆ ಅದನ್ನು ಒದ್ದವನ ಹೆಸರು ಸಹಸ್ರ ಕಂಠಗಳಿಂದ ಮೇಲೇಳುವುದು. ಹಿಂದೆ ನಿಂತು ತನ್ನ ಪಕ್ಷದ ಬಲೆಯನ್ನು ರಕ್ಷಿಸುವವನ ವಿಷಯ ಹಾಗಲ್ಲ. ಅವನು ತನ್ನ ಕರ್ತವ್ಯವನ್ನು ಚೆನ್ನಾಗಿ ನೆರವೇರಿಸಿದನೆಂಬುದಕ್ಕೆ ಪ್ರಮಾಣವೇನೆಂದರೆ, ಏನೂ ನಡೆಯದಿರುವುದು. ನಡೆಯದೆ ಹೋದ ಅನರ್ಥಗಳನ್ನು ಯಾರೂ ಎಣಿಸಿಡುವುದಿಲ್ಲ. ನಡೆದುಹೋದ ಒಂದು ತಪ್ಪನ್ನು ಮಾತ್ರ ಎಲ್ಲರೂ ನೆನಪಿನಲ್ಲಿಡುವರು. ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪಿದ ನಮ್ಮ ತಾರ್ಕಿಕರು ಈ ಆಟವನ್ನು ಕಂಡಿದ್ದರೆ, ರಕ್ಷಕನಿಗೆ ಸಲ್ಲತಕ್ಕ ಮರ್ಯಾದೆಯನ್ನು ಪ್ರಾಯಶಃ ಅವರೊಬ್ಬರೇ ಸಲ್ಲಿಸುತ್ತಿದ್ದರು.

ಐಸ್‌ಲೆಂಡ್ ದೇಶದ ಬಿರ್ಕಿರ್ ಮೌರ್ ಸೈವರ್ಸನ್ ಎಂಬಾತನು ಇಂತಹ ರಕ್ಷಕರಲ್ಲೊಬ್ಬನು. ಜನನ 1984ನೆಯ ಇಸವಿ ನವೆಂಬರ್ ತಿಂಗಳು. ಊರು ಆ ದೇಶದ ರಾಜಧಾನಿಯಾದ ರೇಕ್ಯಾವಿಕ್. ಆ ನಾಡಿನವರಿಗೆ ಸಾಮಾನ್ಯವಾಗಿ ಮನೆತನದ ಹೆಸರೆಂಬುದಿಲ್ಲ. ತಂದೆಯ ಹೆಸರಿಗೆ ಮಗನೆಂಬರ್ಥದ ಪ್ರತ್ಯಯವನ್ನು ಹತ್ತಿಸಿ ಹೇಳುವರು. ದಶರಥನ ಮಗ ದಾಶರಥಿಯಾದಂತೆ ಸೈವರನ ಮಗ ಸೈವರ್ಸನ್. ಇನ್ನು ಬಿರ್ಕಿರ್ ಎಂಬುದು ಬರ್ಚ್ ಮರದ ಹೆಸರಿಗೆ ಸಂಬಂಧಪಟ್ಟುದು. ಹಿಂದಿನವರು ಯಾವ ಮರದ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದಿಟ್ಟರೋ ಆ ಭೂರ್ಜವೃಕ್ಷದ ಹೆಸರೂ ಉತ್ತರ ಐರೋಪ್ಯರ ಈ ಹೆಸರೂ ಒಂದೇ ಮೂಲದಿಂದ ಹುಟ್ಟಿದುವೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಅಗ್ನಿಪರ್ವತಗಳೂ ಹಿಮರಾಶಿಗಳೂ ಆಕ್ರಮಿಸಿರುವ ಆ ದ್ವೀಪದಲ್ಲಿ ತಾನಾಗಿ ಅಡವಿಯಾಗಿ ಬೆಳೆಯುವ ದೇಶೀಯ ಮರವು ಇದೊಂದೇ. ಗಾಳಿಯ ಹೊಡೆತಕ್ಕೆ ಕುಗ್ಗಿ, ಬಾಗಿ, ಎತ್ತರಕ್ಕೆ ಏಳದಿದ್ದರೂ ಬೇರು ಬಿಡದೆ ನಿಂತಿರುವುದು ಅದರ ಸ್ವಭಾವ. ಹೆಸರು ಆತನಿಗೆ ಒಪ್ಪಿತೆಂದೇ ಹೇಳಬೇಕು.

ಆತನು ಬೆಳೆದುದು ರೇಕ್ಯಾವಿಕ್ಕಿನ ವಾಲೂರ್ ಎಂಬ ಸಂಘದಲ್ಲಿ. 2007ರಲ್ಲಿ ಆ ಸಂಘವು ದೇಶದ ಲೀಗಿನಲ್ಲಿ ಪ್ರಥಮಸ್ಥಾನವನ್ನು ಪಡೆಯಿತು. ಅದೇ ವರ್ಷ ಬಿರ್ಕಿರನು ರಾಷ್ಟ್ರದ ತಂಡದಲ್ಲಿ ಮೊದಲ ಬಾರಿಗೆ ಆಡಿದನು. ಮರುವರ್ಷ ನಾರ್ವೆ ದೇಶದ ಬರ್ಗೆನ್ ಪಟ್ಟಣದ ಬ್ರಾನ್ ಸಂಘವನ್ನು ಸೇರಿ ಅಲ್ಲಿ ಏಳು ವರ್ಷ ಕಳೆದನು. 2014ರಲ್ಲಿ ಆ ಸಂಘವು ಕೆಳಗಿನ ದರ್ಜೆಗೆ ಇಳಿಯಿತು. ಅನಂತರ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹಮ್ಮರ್ಬಿ ಸಂಘದ ಪರವಾಗಿ 2015ರಿಂದ 2017ರ ವರೆಗೆ ಆಡಿದನು. ಕೋಟಿಗಟ್ಟಲೆ ಹಣ ಸುರಿಯುವ ಇಂಗ್ಲೆಂಡು ಸ್ಪೇನುಗಳ ಮಹಾಸಂಘಗಳ ಬಾಗಿಲು ಆತನಿಗೆ ತೆರೆಯಲಿಲ್ಲ. ಆಟವೇ ಜೀವನೋಪಾಯವಾಗಿದ್ದ ಹತ್ತು ವರ್ಷಗಳ ವೃತ್ತಾಂತ ಇಷ್ಟೆ.

ಆದರೆ ಆ ಹತ್ತು ವರ್ಷಗಳಲ್ಲಿಯೇ ಆತನ ದೇಶದ ಆಟವು ಬೇರೊಂದು ರೂಪವನ್ನು ತಾಳಿತು. ಮೂರೂವರೆ ಲಕ್ಷವೂ ತುಂಬದ ಜನ. ವರ್ಷದ ಬಹುಭಾಗ ಬಯಲಿನಲ್ಲಿ ಆಡಲಾಗದಂತಹ ಶೀತ. ಇದಕ್ಕೆ ಪರಿಹಾರವಾಗಿ 2000ದಿಂದೀಚೆಗೆ ಆಟದ ಬಯಲನ್ನೇ ಒಳಗೊಳ್ಳುವಂತಹ ದೊಡ್ಡ ಮಂಟಪಗಳನ್ನು ಕಟ್ಟಿದರು. ಚಿಕ್ಕ ಮಕ್ಕಳಿಗೂ ಸಂಬಳ ಪಡೆಯುವ, ಪರೀಕ್ಷೆಯಲ್ಲಿ ತೇರ್ಗಡೆಯಾದ ಶಿಕ್ಷಕರೇ ಆಟವನ್ನು ಕಲಿಸತಕ್ಕದ್ದೆಂದು ಏರ್ಪಡಿಸಿದರು. ಸ್ವೀಡನ್ನಿನ ಲಾರ್ಸ್ ಲಾಗರ್ಬೆಕ್ ಎಂಬ ವೃದ್ಧ ಶಿಕ್ಷಕನೂ, ದಂತವೈದ್ಯನಾಗಿದ್ದ ಹೇಮಿರ್ ಹಲ್‌ಗ್ರಿಮ್ಸನ್ನನೂ ರಾಷ್ಟ್ರದ ತಂಡವನ್ನು ತಿದ್ದಿದರು. ನೆಟ್ಟ ಸಸಿ ಹದಿನೈದು ವರ್ಷಕ್ಕೆ ಫಲ ಕೊಟ್ಟಿತು. ನೆದರ್ಲೆಂಡ್ಸಿನಂತಹ ಪ್ರಬಲ ತಂಡವನ್ನು ಎರಡು ಸಲ ಸೋಲಿಸಿ, ಐಸ್‌ಲೆಂಡಿನವರು 2016ರ ಐರೋಪ್ಯ ಪಂದ್ಯಾವಳಿಗೆ ಫ್ರಾನ್ಸಿಗೆ ಹೊರಟರು. ಬಲಗಡೆಯ ರಕ್ಷಣೆ ಬಿರ್ಕಿರನ ಪಾಲಿಗೆ ಬಂದಿತು.

ಮೊದಲನೆಯ ಆಟದಲ್ಲಿ ಪೋರ್ಚುಗಲ್ಲಿನೊಡನೆ ಸಮಸಮವಾಯಿತು. ಎರಡನೆಯದು ಜೂನ್ 18ರಂದು ಮಾರ್ಸೇಲ್ಸಿನಲ್ಲಿ, ಹಂಗೆರಿಯೊಡನೆ. ಐಸ್‌ಲೆಂಡಿನವರು ಒಂದು ಗೋಲು ಮುಂದಿದ್ದರು. ಆಟ ಮುಗಿಯಲು ಎರಡು ನಿಮಿಷ ಉಳಿದಿತ್ತು. ಎದುರಾಳಿಗಳು ಬಲೆಯ ಮುಂದೆ ಅಡ್ಡಲಾಗಿ ತಗ್ಗಿನಲ್ಲಿ ಚೆಂಡನ್ನು ಹಾಯಿಸಿದರು. ಅದನ್ನು ತಡೆಯಹೋದ ಬಿರ್ಕಿರನಿಗೆ ತಾಗಿ ಚೆಂಡು ಆತನ ಪಕ್ಷದ ಬಲೆಯೊಳಗೇ ಹೊಕ್ಕಿತು. ಕೈಗೆ ಬಂದಿದ್ದ ಪ್ರಥಮ ಜಯವು ಜಾರಿಹೋಯಿತು. ಗೋಲು ಹೊಡೆದವರ ಪಟ್ಟಿಯಲ್ಲಿ ರಕ್ಷಕನ ಹೆಸರು ಬರುವುದೇ ಅಪರೂಪ; ಬಂದಾಗ ಹೀಗೆ ಬಂದಿತು! ತಡೆಯದೆ ಬಿಟ್ಟಿದ್ದರೆ ಹಿಂದೆ ಕಾದಿದ್ದ ಎದುರಾಳಿ ಅದನ್ನು ಒಳಕ್ಕೆ ನೂಕಬಹುದಾಗಿತ್ತು. ತಡೆಯಹೋದುದರಿಂದ ತಾನೇ ನೂಕಿದಂತಾಯಿತು. ಕರ್ತವ್ಯವೇ ಅಪರಾಧದ ವೇಷದಲ್ಲಿ ಬರುವ ಇಂತಹ ಗಳಿಗೆಗಳು ಸಂಸಾರದಲ್ಲಿಯೂ ಇಲ್ಲದಿಲ್ಲ. ಕುಟುಂಬಕ್ಕೆ ಒಳ್ಳೆಯದಾಗಲೆಂದು ಕೈಹಾಕಿದ ಕಾರ್ಯ ಕೆಟ್ಟು, ಕೈಕಟ್ಟಿ ಕುಳಿತವರಿಂದ ನಿಂದೆಗೆ ಗುರಿಯಾದ ಹಿರಿಯರು ಯಾವ ಮನೆಯಲ್ಲಿ ಇಲ್ಲ?

ಇಲ್ಲಿ ಶಿಕ್ಷಕರು ಮಾಡಿದುದನ್ನು ಗಮನಿಸಬೇಕು. ಅವರು ಆತನನ್ನು ಕೈಬಿಡಲಿಲ್ಲ. ನಾಲ್ಕು ದಿವಸಗಳ ಮೇಲೆ ಆಸ್ಟ್ರಿಯಾದ ಎದುರಿಗೆ ಅದೇ ಹನ್ನೊಂದು ಮಂದಿಯನ್ನು ಇಳಿಸಿದರು. ಆ ಪಂದ್ಯಾವಳಿಯ ಐದು ಆಟಗಳಲ್ಲಿಯೂ ಆರಂಭದ ಹನ್ನೊಂದು ಮಂದಿ ಬದಲಾಗಲೇ ಇಲ್ಲ. ತಪ್ಪಿದ ಹುಡುಗನನ್ನು ಹಿಂದಿನ ಮಣೆಗೆ ಕಳುಹಿಸುವುದು ಸುಲಭ. ಅದೇ ಪಾಠವನ್ನು ಮರುದಿನ ಅವನಿಂದಲೇ ಹೇಳಿಸುವವನು ಬಲ್ಲ ಉಪಾಧ್ಯಾಯ. ಆಸ್ಟ್ರಿಯಾದ ಮೇಲೆ 2-1ರಿಂದ ಜಯ ಬಂದಿತು. ಜೂನ್ 27ರಂದು ನೀಸ್ ಪಟ್ಟಣದಲ್ಲಿ ಇಂಗ್ಲೆಂಡಿನವರು ನಾಲ್ಕನೆಯ ನಿಮಿಷದಲ್ಲಿಯೇ ಗೋಲು ಹೊಡೆದರು. ಹದಿನೆಂಟನೆಯ ನಿಮಿಷ ತುಂಬುವುದರೊಳಗಾಗಿ ಐಸ್‌ಲೆಂಡಿನವರು ಎರಡು ಹೊಡೆದರು. ಉಳಿದ ಎಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಬಲೆಯನ್ನು ಕಾಯುವ ಕೆಲಸವೇ ಮುಖ್ಯವಾಯಿತು. ಇಂಗ್ಲೆಂಡಿಗೆ ಎರಡನೆಯ ಗೋಲು ದೊರೆಯಲಿಲ್ಲ. ಆ ಎಪ್ಪತ್ತು ನಿಮಿಷಗಳಲ್ಲಿ ಏನು ನಡೆಯಿತೆಂದು ಕೇಳಿದರೆ, ಏನೂ ನಡೆಯಲಿಲ್ಲವೆಂದೇ ಉತ್ತರ. ರಕ್ಷಕರಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಮುಂದೆ ಜುಲೈ 3ರಂದು ಫ್ರಾನ್ಸಿನವರು 5-2ರಿಂದ ಗೆದ್ದು ಅವರನ್ನು ಮನೆಗೆ ಕಳುಹಿಸಿದರು.

2017ರಲ್ಲಿ ಐಸ್‌ಲೆಂಡಿನವರು ವಿಶ್ವಕಪ್ಪಿಗೂ ಅರ್ಹತೆ ಪಡೆದರು. ಅದುವರೆಗೆ ಆ ಪಂದ್ಯಾವಳಿಗೆ ಬಂದ ರಾಷ್ಟ್ರಗಳಲ್ಲೆಲ್ಲ ಅತ್ಯಂತ ಕಡಿಮೆ ಜನಸಂಖ್ಯೆಯ ರಾಷ್ಟ್ರ ಅದೇ. ಆ ವೇಳೆಗೆ ಬಿರ್ಕಿರನು ಸ್ವೀಡನ್ನನ್ನು ಬಿಟ್ಟು ಬಾಲ್ಯದ ವಾಲೂರ್ ಸಂಘಕ್ಕೆ ಮರಳಿದನು. ಸ್ವದೇಶದ ಸಂಘಗಳಲ್ಲಿ ಅಭ್ಯಾಸ ನಡೆಯುವುದು ಬಹುಮಟ್ಟಿಗೆ ಹಗಲಿನ ಕೆಲಸಗಳು ಮುಗಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಸುಮ್ಮನೆ ಕುಳಿತಿರಲು ಒಪ್ಪದೆ ಆತನು ಉಪ್ಪನ್ನು ತುಂಬಿ ಕಟ್ಟುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿಕೊಂಡನು. ವಿಶ್ವಕಪ್ಪಿಗೆ ಹೊರಡಲಿದ್ದ ಆಟಗಾರನು ಉಪ್ಪಿನ ಪೊಟ್ಟಣ ಕಟ್ಟುತ್ತಿದ್ದಾನೆಂಬ ಸುದ್ದಿ ಲೋಕದ ಪತ್ರಿಕೆಗಳಿಗೆಲ್ಲ ವಿಸ್ಮಯವಾಯಿತು. ಆತನಿಗೆ ಅದರಲ್ಲಿ ಕೀಳೂ ಕಾಣಲಿಲ್ಲ, ಮೇಲೂ ಕಾಣಲಿಲ್ಲ. ಅಡಿಗೆಯಲ್ಲಿ ಉಪ್ಪು ಹದವಾಗಿ ಬಿದ್ದರೆ ಊಟಕ್ಕೆ ಕುಳಿತವರು ಸಾರನ್ನು ಹೊಗಳುವರು, ಪಲ್ಯವನ್ನು ಹೊಗಳುವರು, ಉಪ್ಪನ್ನು ಹೊಗಳುವವರಿಲ್ಲ. ತಪ್ಪಿದರೆ ಮಾತ್ರ ಉಪ್ಪಿನ ಮಾತು ಬರುವುದು. ಹಗಲೆಲ್ಲ ಉಪ್ಪು, ಸಂಜೆಗೆ ರಕ್ಷಣೆ: ಎರಡೂ ಒಂದೇ ಜಾತಿಯ ಕೆಲಸವಾಯಿತಷ್ಟೆ.

2018ರ ಜೂನ್ 16ರಂದು ಮಾಸ್ಕೋ ನಗರದಲ್ಲಿ ಅರ್ಜೆಂಟೀನದ ಎದುರಿಗೆ ಐಸ್‌ಲೆಂಡಿನ ಮೊದಲನೆಯ ವಿಶ್ವಕಪ್ ಆಟ ನಡೆಯಿತು. ಚೆಂಡು ಬಹುಪಾಲು ಅರ್ಜೆಂಟೀನದವರ ಕಾಲಿನಲ್ಲಿಯೇ ಇದ್ದಿತು. ಬಿರ್ಕಿರನ ಕಡೆಯಿಂದ ನುಗ್ಗಿ ಬರುತ್ತಿದ್ದವನು ಆಂಜೆಲ್ ಡಿ ಮರಿಯಾ. ಮಧ್ಯದಲ್ಲಿ ಲಿಯೋನೆಲ್ ಮೆಸ್ಸಿ. ಆ ಮೆಸ್ಸಿಯ ಪೆನಾಲ್ಟಿಯನ್ನು ಚಲಚ್ಚಿತ್ರ ನಿರ್ದೇಶಕನೂ ಆಗಿದ್ದ ಗೋಲ್‌ಕೀಪರ್ ಹಾನ್ನೆಸ್ ಹಾಲ್‌ಡೋರ್ಸನ್ ತಡೆದನು. ಆಟ 1-1ರಲ್ಲಿ ನಿಂತಿತು. ಮರುದಿನ ಎಲ್ಲರ ಬಾಯಲ್ಲಿಯೂ ಹಾನ್ನೆಸನ ಹೆಸರು, ಅದು ನ್ಯಾಯವೇ. ಬಲಗಡೆಯಲ್ಲಿ ಆಟವೆಲ್ಲ ಓಡಿ ಬೆವರಿದವನ ಹೆಸರನ್ನು ಅದೇ ಉತ್ಸಾಹದಿಂದ ಹೇಳಿದವರು ಕಡಿಮೆ. ಅನಂತರ ನೈಜೀರಿಯಾ ಕ್ರೊಯೇಷಿಯಾಗಳಿಗೆ ಸೋತು ತಂಡವು ಹಿಂದಿರುಗಿತು.

ಬಿರ್ಕಿರನು ಮರಳಿ ವಾಲೂರಿನ ಪರವಾಗಿ ಆಡಿದನು. 2018ರಲ್ಲಿಯೂ 2020ರಲ್ಲಿಯೂ ಆ ಸಂಘವು ದೇಶದ ಲೀಗನ್ನು ಗೆದ್ದಿತು. 2021ರ ನವೆಂಬರಿನಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ರಾಷ್ಟ್ರದ ತಂಡಕ್ಕೆ ವಿದಾಯ ಹೇಳಿದಾಗ ಆತನು ದೇಶಕ್ಕಾಗಿ 103 ಆಟಗಳನ್ನಾಡಿದ್ದನು. ಐಸ್‌ಲೆಂಡಿನ ಪುರುಷರ ತಂಡದಲ್ಲಿ ನೂರನ್ನು ದಾಟಿದವರು ಕೆಲವರು ಮಾತ್ರ.

ಮಾರ್ಸೇಲ್ಸಿನ ಆ ಒಂದು ಗಳಿಗೆ ಇಂದಿಗೂ ದಾಖಲೆಯ ಪುಸ್ತಕದಲ್ಲಿ ಆತನ ಹೆಸರಿನ ಎದುರಿಗೇ ಇದೆ, ಅದನ್ನು ಅಳಿಸುವಂತಿಲ್ಲ. ಆದರೆ ಅದೇ ಪುಸ್ತಕದಲ್ಲಿ, ಅದರ ಕೆಳಗೆ, ನಾಲ್ಕು ದಿನಗಳ ಅನಂತರದ ಆಟದ ಹನ್ನೊಂದು ಹೆಸರುಗಳೂ ಇವೆ. ಓದುವವರು ಅಲ್ಲಿಯವರೆಗೂ ಓದಬೇಕು.