ಹೋದ ವಾರ ಬರಬೇಕಿತ್ತು!

ಬಣ್ಣ ತಿರುಗಿದ ಎಲೆ ನೋಡುವುದಕ್ಕೂ ಟ್ರಾಫಿಕ್ ಜಾಮ್ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಕ್ಟೋಬರ್‌ನ ಎರಡನೇ ಸೋಮವಾರ ಅಮೆರಿಕದಲ್ಲಿ ರಜೆ. ಆ ವಾರಾಂತ್ಯ ಬಾಸ್ಟನ್ ಸುತ್ತಮುತ್ತಲಿನವರೆಲ್ಲ ನ್ಯೂ ಹ್ಯಾಂಪ್‌ಷೈರ್‌ನ ವೈಟ್ ಮೌಂಟನ್ಸ್ ಕಡೆಗೇ ಹೊರಟಂತಿತ್ತು. ಮಗಳು ದಾರಿಯುದ್ದಕ್ಕೂ ಫೋನಿನಲ್ಲಿ ಬಣ್ಣದ ನಕ್ಷೆ ನೋಡುತ್ತಿದ್ದಳು. ಯಾವ ಊರಲ್ಲಿ ಎಲೆ ಎಷ್ಟು ಹಣ್ಣಾಗಿದೆ ಎಂದು ಅದು ತೋರಿಸುತ್ತದೆ. "ಅಮ್ಮಾ, ಇವತ್ತೇ ಪೀಕ್. ಒಂದು ಗಾಳಿ ಬೀಸಿದರೆ ಮುಗೀತು" ಎಂದಳು.

ಕ್ರಾಫರ್ಡ್ ನಾಚ್ ಕಣಿವೆಯ ಹಳೆಯ ರೈಲು ನಿಲ್ದಾಣದ ಬಳಿ ಕಾರಿಗೆ ಜಾಗ ಸಿಗುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಅಲ್ಲಿಂದ ಮೌಂಟ್ ವಿಲ್ಲಾರ್ಡ್ ತುದಿಗೆ ಎರಡೂವರೆ ಕಿಲೋಮೀಟರ್. ಹದವಾದ ಏರು, ನನ್ನ ಮಂಡಿಗೂ ಒಪ್ಪಿಗೆಯಾಯಿತು.

ನಡುದಾರಿಯಲ್ಲಿ ನಾಯಿಗೆ ನೀರು ಕುಡಿಸುತ್ತ ಕೂತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, "ಛೆ, ಹೋದ ವಾರ ಬರಬೇಕಿತ್ತು ನೀವು" ಎಂದರು. ಇಳಿದು ಬರುತ್ತಿದ್ದ ಇನ್ನಿಬ್ಬರದೂ ಅದೇ ರಾಗ. ನನಗೆ ರೇಗಿತು. ಎಲೆ ಮುಂದೆ ಕೂತವರಿಗೆ ನಿನ್ನೆಯ ಹೋಳಿಗೆ ಎಷ್ಟು ಚೆನ್ನಾಗಿತ್ತು ಎಂದು ಬಣ್ಣಿಸುವುದು ಯಾವ ಮರ್ಯಾದೆ?

ಕಾಲಡಿಯ ಒಂದು ಮೇಪಲ್ ಎಲೆ ಎತ್ತಿಕೊಂಡೆ. ಅಂಚು ಕುಂಕುಮ ಕೆಂಪು, ನರಗಳ ಗುಂಟ ಇನ್ನೂ ಹಸಿರು, ನಡುವೆ ಹಳದಿ, ಒಂದು ಮೂಲೆಯಲ್ಲಿ ಹುಳ ತಿಂದ ತೂತು. ಹಳದಿ ಬೇಸಿಗೆಯಿಡೀ ಎಲೆಯೊಳಗೇ ಇರುತ್ತದೆ. ಪತ್ರಹರಿತ್ತು ಕರಗಿದಾಗ ಕಾಣುತ್ತದೆ, ಅಷ್ಟೆ. ಕೆಂಪು ಹಾಗಲ್ಲ. ಉದುರುವ ಮುನ್ನ ಎಲೆ ತನ್ನಲ್ಲಿ ಉಳಿದ ಸಕ್ಕರೆಯಿಂದ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಸಿಕ್ಕರೆ ರಂಗು ಹೆಚ್ಚು. ಆಂಥೋಸಯನಿನ್ ಎಂಬ ಈ ವರ್ಣದ್ರವ್ಯವೇ ನಮ್ಮ ಮಾವಿನ ಚಿಗುರಿಗೂ ಕೆಂಪು ಕೊಡುವುದು. ಚಿಗುರು ನೋಡಿ ಹಿಗ್ಗುವ ನಾವು ಇದನ್ನು ನೋಡಿ ಯಾಕೆ ಮರುಗಬೇಕೋ!

ತುದಿಯ ಬಂಡೆಯ ಮೇಲೆ ಫೋಟೋಗೆ ಸರದಿ. ಅದನ್ನು ದಾಟಿ ಅಂಚಿಗೆ ಹೋದರೆ, ಹಿಮನದಿ ಕೊರೆದ ಅಗಲ ಕಣಿವೆ ಇಡಿಯಾಗಿ ಕೆಳಗೆ. ಎತ್ತರದ ಬರ್ಚ್‌ಗಳು ಆಗಲೇ ಬೋಳು, ನಡು ಇಳಿಜಾರು ಕೆಂಪು-ಹಳದಿ, ತಳದಲ್ಲಿ ಎಷ್ಟೋ ಮರಗಳು ಇನ್ನೂ ಹಸಿರು. ಬಣ್ಣ ಬೆಟ್ಟದಿಂದ ದಿನದಿನಕ್ಕೆ ಕೆಳಗಿಳಿಯುತ್ತದೆ. ಹಾಗಿರುವಾಗ ಪೀಕ್ ಯಾವ ದಿನ, ಯಾರ ಮರಕ್ಕೆ? ಆ ನಕ್ಷೆ ಜನರನ್ನು ಒಂದೇ ದಿನ ಒಂದೇ ಜಾಗಕ್ಕೆ ತಳ್ಳುತ್ತದೆ, ಬೇರೇನೂ ಮಾಡುವುದಿಲ್ಲ.

ಬಲಗಡೆ ಇಳಿಜಾರಿನಲ್ಲಿ 1875ರ ರೈಲು ಹಳಿ. ಅದರ ಕೆಳಗೆ ಕಣಿವೆಯಲ್ಲಿ ವಿಲ್ಲಿ ಕುಟುಂಬದ ಮನೆ ಇತ್ತು. 1826ರ ಆಗಸ್ಟ್‌ನ ಮಳೆಗೆ ಗುಡ್ಡ ಜರಿದಾಗ ಗಂಡ, ಹೆಂಡತಿ, ಐದು ಮಕ್ಕಳು, ಇಬ್ಬರು ಆಳುಗಳು ಹೊರಗೆ ಓಡಿದರು, ಒಬ್ಬರೂ ಉಳಿಯಲಿಲ್ಲ. ಮಣ್ಣು ಮನೆಯ ಹಿಂದಿನ ದಿಬ್ಬಕ್ಕೆ ಬಡಿದು ಎರಡಾಗಿ ಹರಿಯಿತು, ಮನೆ ಹಾಗೇ ನಿಂತಿತ್ತು. ಆ ಮನೆ ನೋಡಲು ಜನ ಬರತೊಡಗಿದರು. ಪ್ರವಾಸಿಗರಿಗೆ ಈ ಕಣಿವೆಯ ಗೀಳು ಹತ್ತಿದ್ದರಲ್ಲಿ ಆ ಸಾವಿನ ಪಾಲೂ ಇದೆ.

ಹೋಗುವವರು ರಜೆಯ ವಾರಾಂತ್ಯ ಬಿಟ್ಟು ಮಂಗಳವಾರವೋ ಬುಧವಾರವೋ ಹೊರಡಿ. ಉದುರಿದ ಎಲೆಯಡಿ ಒದ್ದೆ ಬೇರು ಕಾಣುವುದಿಲ್ಲ, ಹಿಡಿತವಿರುವ ಬೂಟು ಬೇಕು. ಒಂದು ಟಾರ್ಚೂ ಇರಲಿ: ಅಕ್ಟೋಬರ್ ನಡುವಿಗೆ ಅಲ್ಲಿ ಸಂಜೆ ಆರರ ಸುಮಾರಿಗೇ ಹೊತ್ತು ಮುಳುಗುತ್ತದೆ.